ಔಟಾದರೆ ಹೊಡೆಯುವ ಹುಡುಗ

ಸಲಹೆ ಕೇಳಲು ಅಮ್ಮ ನನ್ನ ಬಳಿ ಕರೆತಂದ ಏಳು ವರ್ಷದ ಹುಡುಗ, ಎರಡನೇ ಕ್ಲಾಸು. ಓದಿನಲ್ಲಿ ಚುರುಕು. ಶಾಲೆಯಿಂದ ಬಂದ ದೂರು ಒಂದೇ: ಆಟದಲ್ಲಿ ಔಟಾದರೆ ಎದುರಿನವರಿಗೆ ಹೊಡೆಯುತ್ತಾನೆ. ಹಾಗಾಗಿ ಯಾರೂ ಅವನನ್ನು ಆಟಕ್ಕೆ ಕರೆಯುತ್ತಿರಲಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

“ಚೆಸ್, ಅಬಾಕಸ್, ಸ್ವಿಮ್ಮಿಂಗ್, ಎಲ್ಲಾದಕ್ಕೂ ಹಾಕಿದ್ದೀವಿ ಮೇಡಂ. ಆದ್ರೂ ಯಾಕಿಷ್ಟು ಸಿಟ್ಟು?” ಅಂದರು ಅಮ್ಮ. ಸುಮ್ನೆ ಆಡೋದು ಯಾವಾಗ ಅಂತ ಕೇಳಿದೆ. ಕೆಳಗೆ ಮಕ್ಕಳ ಜೊತೆ ಬಿಡುವುದಿಲ್ಲವಂತೆ. ಮನೆಯಲ್ಲಿ ಅಜ್ಜಿ ಜೊತೆ ಚೌಕಾಬಾರ ಆಡುತ್ತಾನೆ, ಯಾವಾಗಲೂ ಅವನೇ ಗೆಲ್ಲುತ್ತಾನೆ. ಮೊಮ್ಮಗ ಅಳಬಾರದು ಅಂತ ಅಜ್ಜಿ ಅವನ ಕಾಯಿ ಹೊಡೆಯುವುದೇ ಇಲ್ಲ. ಸೋತು ಅಭ್ಯಾಸವೇ ಇಲ್ಲದ ಮಗು, ಪಾಪ.

ಸಿಟ್ಟು ತಡೆಯುವುದು, ಸರದಿಗೆ ಕಾಯುವುದು ಇವನ್ನೆಲ್ಲ ಮುಖ್ಯವಾಗಿ ನೋಡಿಕೊಳ್ಳುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಕೆನಡಾದ ವಿಜ್ಞಾನಿ ಸರ್ಜಿಯೊ ಪೆಲ್ಲಿಸ್ ಮತ್ತು ಸಂಗಡಿಗರು ಇಲಿಮರಿಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಓರಗೆಯ ಮರಿಗಳ ಜೊತೆ ಆಡದೆ ಬೆಳೆದವುಗಳಲ್ಲಿ ಈ ಭಾಗದ ನರಕೋಶಗಳು ಬೇರೆಯದೇ ರೀತಿ ಬೆಳೆದಿದ್ದವು. ಮಿದುಳು ವಿಜ್ಞಾನಿ ಜಾಕ್ ಪಾಂಕ್‌ಸೆಪ್ ಗಮನಿಸಿದ್ದು ಇನ್ನೂ ಕುತೂಹಲದ ಸಂಗತಿ. ಕುಸ್ತಿಯಾಟದಲ್ಲಿ ಬಲವಾದ ಇಲಿಯೇ ಸದಾ ಗೆದ್ದರೆ, ಸಣ್ಣದು ಆಟಕ್ಕೆ ಬರುವುದನ್ನೇ ಬಿಡುತ್ತದೆ. ಮಕ್ಕಳು ಇಲಿಗಳಲ್ಲ, ನಿಜ. ಆದರೂ ಈ ಹುಡುಗನನ್ನು ಯಾರೂ ಕರೆಯದಿರುವುದು ನೆನಪಾಗುತ್ತದೆ, ಅಲ್ವಾ?

“ಚೆಸ್ಸೂ ಆಟಾನೇ ಅಲ್ವಾ?” ಅಂತ ಕೇಳಿದರು ಅಮ್ಮ. ಆಟವೇ. ಆದರೆ ಕೋಚಿಂಗಿನಲ್ಲಿ ಹೊತ್ತು, ಜೋಡಿ, ನಿಯಮ ಎಲ್ಲ ದೊಡ್ಡವರದ್ದೇ. ಲಗೋರಿ, ಕುಂಟಾಬಿಲ್ಲೆಯಲ್ಲಿ ‘ಗೆರೆ ತುಳಿದೆ’, ‘ಇಲ್ಲ, ತುಳಿದಿಲ್ಲ’ ಅಂತ ಮಕ್ಕಳೇ ಕಿತ್ತಾಡಿ ತೀರ್ಮಾನಕ್ಕೆ ಬರಬೇಕು. ಜಾಸ್ತಿ ಹಟ ಹಿಡಿದರೆ ಆಟವೇ ಮುರಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಯಾರದೋ ಪುಟ್ಟ ತಂಗಿ ಬಂದರೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಾರೆ. ಈ ಔದಾರ್ಯವನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ಅಬಾಕಸ್ ಬಿಡಿಸಿ, ಸಂಜೆ ಒಂದು ಗಂಟೆ ಕೆಳಗೆ ಕಳಿಸಿ ಅಂದೆ. ನೀವು ದೂರ ಕೂತಿರಿ. ಮಾತಿನ ಜಗಳಕ್ಕೆ ಓಡಬೇಡಿ, ಕೈ ಎತ್ತಿದರೆ ಮಾತ್ರ ಹೋಗಿ. ಅಜ್ಜಿಗೆ ಫೋನಿನಲ್ಲಿ, “ಅವನ ಕಾಯಿ ಹೊಡೀರಿ ಅಜ್ಜಿ. ಅತ್ತರೆ ಪಕ್ಕದಲ್ಲೇ ಇರಿ, ಆದರೆ ಆಟ ಬದಲಿಸಬೇಡಿ” ಅಂದೆ. ಅವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ಈಗ ಶಾಲೆಯಲ್ಲಿ ಹೊಡೆತದ ದೂರು ಕಡಿಮೆಯಾಗಿದೆ. ಔಟಾದರೆ ಇನ್ನೂ ಅಳುತ್ತಾನೆ, ಆದರೆ ಅತ್ತು ಮುಗಿಸಿ ತಾನೇ ಆಟಕ್ಕೆ ವಾಪಸ್ ಹೋಗುತ್ತಾನೆ. ಅಬಾಕಸ್ ಬಿಡಿಸಲು ಅಪ್ಪ ಮಾತ್ರ ಒಪ್ಪಿಲ್ಲ. ಹಾಗಾಗಿ ಕ್ಲಾಸಿಲ್ಲದ ದಿನವಷ್ಟೇ ಆಟ. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.