ನುಂಗದ ಮಾತ್ರೆ, ಖಾಲಿ ಡಬ್ಬಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಂದವರು ಕೂರುವ ಮುಂಚೆ ಕೇಳಿದ್ದೇ "ಮೇಡಂ, ಟಾಯ್ಲೆಟ್ ಎಲ್ಲಿ?" ಅಂತ. ಐದು ತಿಂಗಳ ಬಸುರಿ. ಆರು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಗೋಡೆ ಊದಿಕೊಂಡು ಹುಣ್ಣಾಗುವ ಕಾಯಿಲೆ. ಗರ್ಭ ನಿಂತಾಗ ಹತೋಟಿಯಲ್ಲೇ ಇತ್ತು. ನನ್ನ ಹತ್ತಿರ ಕಳಿಸಿದ್ದು 'ಆತಂಕ ಜಾಸ್ತಿ' ಅಂತ.

ಅರ್ಧ ಗಂಟೆ ಮಾತಾದಮೇಲೆ ಬ್ಯಾಗಿಂದ ಈ ಕಾಯಿಲೆಗೆ ಕೊಡುವ ಮೆಸಲಮೈನ್ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತ್ರೆಯೂ ಕಿತ್ತಿರಲಿಲ್ಲ. "ಮಗೂಗೆ ಏನಾದ್ರೂ ಆದ್ರೆ ಅಂತ ಏಳು ವಾರದಿಂದ ನುಂಗಿಲ್ಲ." ಗಂಡನಿಗೂ ಗೊತ್ತಿಲ್ಲ. ಈಗ ದಿನಕ್ಕೆ ನಾಲ್ಕೈದು ಸಲ ಭೇದಿ, ಜೊತೆಗೆ ರಕ್ತ.

ಬೈಯಲು ಮನಸ್ಸು ಬರಲಿಲ್ಲ, ಮಗುವಿಗೋಸ್ಕರ ಮಾಡಿದ್ದು ಅಲ್ವಾ. ಆದರೆ ನೇರವಾಗಿ ಹೇಳಿದೆ: ಮಗುವಿಗೆ ಅಪಾಯ ಈ ಮಾತ್ರೆಯಿಂದಲ್ಲ, ಕೆರಳಿದ ಕರುಳಿನಿಂದ. ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕ, ಇವೆಲ್ಲ ಆಗ ಜಾಸ್ತಿ. ಮೆಸಲಮೈನ್ ಬಸುರಿನಲ್ಲೂ ಮುಂದುವರಿಸುವ ಔಷಧಿ. ಕರುಳಿನ ಉರಿಯೂತಕ್ಕೆ ಕೆಲವರಿಗೆ ಕೊಡುವ ಮೆಥೋಟ್ರೆಕ್ಸೇಟ್ ಬೇರೆ ಮಾತು, ಅದನ್ನು ಗರ್ಭ ಧರಿಸುವ ಮುಂಚೆಯೇ ಬಿಡಬೇಕು. ಹಾಗಾಗಿ ಬಿಡೋದೂ ಶುರು ಮಾಡೋದೂ ಡಾಕ್ಟರ್ ಹೇಳಿದ ಮೇಲೆ. ಅವರ ಒಪ್ಪಿಗೆ ಪಡೆದು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆವು.

ಇನ್ನೊಂದು ಭಯ ರಕ್ತದ ರಿಪೋರ್ಟಿನದ್ದು. ಇ.ಎಸ್.ಆರ್. (ಮೈಯಲ್ಲಿ ಉರಿಯೂತ ಇದ್ದರೆ ಏರುವ ಅಳತೆ) ಏರಿದೆ, ಹಿಮೋಗ್ಲೋಬಿನ್ ಇಳಿದಿದೆ. ಬಸುರಿನಲ್ಲಿ ಇವು ತಾವಾಗಿಯೇ ಬದಲಾಗುತ್ತವೆ, ಇವನ್ನೇ ನಂಬಿ ಕರುಳಿನ ಸ್ಥಿತಿ ಹೇಳಲಾಗದು. ಅದಕ್ಕೇ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳು ಊದಿಕೊಂಡಾಗ ಮಲದಲ್ಲಿ ಹೆಚ್ಚುವ ಪ್ರೋಟೀನ್) ಪರೀಕ್ಷೆ ಬೇಕು, ಬಸುರಿನಿಂದ ಅದು ಅಷ್ಟಾಗಿ ಏರುಪೇರಾಗುವುದಿಲ್ಲ. ಡಾಕ್ಟರ್ ಎರಡು ಸಲ ಬರೆದುಕೊಟ್ಟಿದ್ದರು, ಎರಡು ಸಲವೂ ಮಲದ ಸ್ಯಾಂಪಲ್ ಡಬ್ಬಿ ಖಾಲಿಯಾಗೇ ಉಳಿದಿತ್ತು. "ಅದನ್ನ ಹಿಡ್ಕೊಂಡು ಎಲ್ಲರ ಮುಂದೆ ನಿಲ್ಲೋಕೆ ನಾಚಿಕೆ ಮೇಡಂ." ಅವತ್ತು ನಾವು ಜಾಸ್ತಿ ಮಾತಾಡಿದ್ದು ಇದನ್ನೇ. ಕಾಗದದ ಕವರಲ್ಲಿಡಿ, ಲ್ಯಾಬ್ ತೆರೆಯೋ ಹೊತ್ತಿಗೆ ಕೊಟ್ಟುಬಿಡಿ, ಇಲ್ಲಾಂದ್ರೆ ಮನೆಯವರು ಕೊಟ್ಟು ಬರಲಿ ಅಂದೆ. ಹಾಗಾದ್ರೆ ಅವರಿಗೆ ಎಲ್ಲಾ ಹೇಳಬೇಕಾಗುತ್ತೆ ಅಂದರು. ಹೌದು, ಹೇಳಬೇಕು ಅಂದೆ.

ಕರುಳಿನ ಸ್ಕ್ಯಾನ್ ಬಗ್ಗೆಯೂ ಹೆದರಿದ್ದರು. ಮಗುವನ್ನು ನೋಡುವ ಅಲ್ಟ್ರಾಸೌಂಡೇ ಅದು, ಅದೇ ಜೆಲ್, ವಿಕಿರಣವೇ ಇಲ್ಲ. ಜ್ವರ, ತುಂಬಾ ರಕ್ತ, ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತಭೇದಿ, ಅಥವಾ ಒಂದೇ ಕಾಲು ಊದಿ ನೋವಾದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಟ್ಟೆ.

ಈಗ ಎಂಟನೇ ತಿಂಗಳು. ಮಾತ್ರೆ ತಪ್ಪಿಸಿಲ್ಲ, ರಕ್ತ ನಿಂತಿದೆ. ಡಬ್ಬಿ ಲ್ಯಾಬಿಗೆ ಕೊಟ್ಟು ಬರೋದು ಗಂಡ.