ಚಾಕುವಿಗಿಂತ ಗಾಳಿಗೆ ಹೆದರಬೇಕಾ?

ಪ್ರಶ್ನೆ: ಪಕ್ಕದ ಬೀದಿಯಲ್ಲಿ ಹೋದ ತಿಂಗಳು ಒಬ್ಬ ಹುಡುಗನಿಗೆ ಚಾಕು ಹಾಕಿದರು. ಆವತ್ತಿನಿಂದ ಮಗನನ್ನು ಸಂಜೆ ಟ್ಯೂಷನ್‌ಗೆ ಕಳಿಸಲು ಭಯ. ನಮ್ಮ ಭಾವ, ಬೆಂಗಳೂರಲ್ಲಿ ಚಾಕುವಿಗಿಂತ ಗಾಳಿಗೇ ಜಾಸ್ತಿ ಜನ ಸಾಯುತ್ತಾರೆ ಅನ್ನುತ್ತಾರೆ. ನಿಜವಾ? ಡೆತ್ ಸರ್ಟಿಫಿಕೇಟಿನಲ್ಲಿ ಗಾಳಿ ಅಂತ ಬರೆಯುವುದಿಲ್ಲವಲ್ಲ, ಲೆಕ್ಕ ಎಲ್ಲಿಂದ ಬಂತು?
- ಓದುಗರು, ಪೀಣ್ಯ

ಉತ್ತರ: ನಿಮ್ಮ ಭಾವ ಹೇಳಿದ್ದು ನಿಜ. ಬೆಂಗಳೂರಲ್ಲಿ ವರ್ಷಕ್ಕೆ ಕೊಲೆಯಾಗುವವರು 200ರ ಆಸುಪಾಸು, ಅದರಲ್ಲಿ ಚಾಕು, ಮಚ್ಚು, ಕಲ್ಲು ಎಲ್ಲಾ ಸೇರಿತು. ಕೊಳಕು ಗಾಳಿಯಿಂದ ಸಾಯುವವರು ವರ್ಷಕ್ಕೆ ಸುಮಾರು 2,100 ಅಂತ 2024ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ.

ಲೆಕ್ಕ ಹೀಗೆ. 2008ರಿಂದ 2019ರವರೆಗೆ ನಮ್ಮ ದೇಶದ 10 ಊರುಗಳಲ್ಲಿ ದಿನಾ ಎಷ್ಟು ಜನ ತೀರಿಕೊಂಡರು, ಆ ದಿನಗಳಲ್ಲಿ ಗಾಳಿಯಲ್ಲಿ ಪಿಎಂ 2.5 ಎಷ್ಟಿತ್ತು ಅನ್ನುವುದನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪಿಎಂ 2.5 ಅಂದರೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣ. ಡೀಸೆಲ್ ಹೊಗೆ, ಸುಟ್ಟ ಕಸ, ಧೂಳು, ಎಲ್ಲದರಲ್ಲೂ ಇರುತ್ತದೆ, ಶ್ವಾಸಕೋಶ ದಾಟಿ ರಕ್ತಕ್ಕೂ ಸೇರುತ್ತದೆ. ಅದು ಏರಿದಾಗ ಸಾವೂ ಏರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 10 ಮೈಕ್ರೋಗ್ರಾಂ ಜಾಸ್ತಿಯಾದರೆ ಬೆಂಗಳೂರಲ್ಲಿ ಸಾವು ಶೇ. 3ರಷ್ಟು ಏರುತ್ತದೆ, ದೆಹಲಿಯಲ್ಲಿ ಶೇ. 0.3 ಅಷ್ಟೇ. ನಮ್ಮ ಗಾಳಿ ದೆಹಲಿಗಿಂತ ವಾಸಿ ಅಂತ ಸುಮ್ನೆ ಕೂರುವವರು ಇದನ್ನು ಓದಬೇಕು.

ಸರ್ಟಿಫಿಕೇಟಿನಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂತಲೇ ಇರುತ್ತದೆ. ಲಂಡನ್ನಿನಲ್ಲಿ ಒಮ್ಮೆ ಗಾಳಿಯ ಹೆಸರೂ ಬಂತು. ವಾಹನ ತುಂಬಿದ ರಸ್ತೆಯ ಹತ್ತಿರ ಮನೆಯಿದ್ದ 9 ವರ್ಷದ ಹುಡುಗಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2020ರಲ್ಲಿ ಅವಳ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಬರೆದರು. ಬ್ರಿಟನ್ನಿನಲ್ಲಿ ಅದೇ ಮೊದಲು.

ಹಾಗಂತ ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಚಾಕು 20 ವರ್ಷದ ಹುಡುಗನ ಇಡೀ ಬದುಕನ್ನೇ ಕಿತ್ತುಕೊಳ್ಳುತ್ತದೆ, ಗಾಳಿಗೆ ಬಲಿಯಾಗುವವರಲ್ಲಿ ವಯಸ್ಸಾದವರು, ಮೊದಲೇ ಹೃದಯದ ಕಾಯಿಲೆ ಇದ್ದವರು ಜಾಸ್ತಿ. ಆದರೆ ಒಂದು ಕೊಲೆಗೆ ಎಫ್‌ಐಆರ್ ಇದೆ, ಕೋರ್ಟ್ ಇದೆ. ಈ 2,100 ಜನರಿಗೆ ಏನೂ ಇಲ್ಲ, ಅದು ನನಗೆ ತುಂಬಾ ಸಂಕಟ ಕೊಡುತ್ತದೆ.

ಮಗ ಟ್ಯೂಷನ್‌ಗೆ ಹೋಗಲಿ, ಆದಷ್ಟು ಲಾರಿ ಓಡಾಡುವ ಮೇನ್ ರೋಡ್ ಬಿಟ್ಟು ಒಳದಾರಿಯಲ್ಲಿ, ಸ್ನೇಹಿತರ ಜೊತೆ. ಬೀದಿಯಲ್ಲಿ ಕಸ ಸುಡುತ್ತಿದ್ದರೆ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಿ. ರಾತ್ರಿ ಅವನಿಗೆ ಕೆಮ್ಮು ಬರುತ್ತಾ, ಉಸಿರಾಡುವಾಗ ಸುಯ್ ಅನ್ನುತ್ತಾ ನೋಡಿ. ಹಾಗಿದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ.