ಚಳಿಗೆಂದು ಮೇನ್ ಜೆಟ್ ಬದಲಿಸುವವರಿಗೆ

ಚಳಿಗಾಲದ ಬೆಳಿಗ್ಗೆ ಮೊದಲ ಹತ್ತು ನಿಮಿಷ ಕಾರು ಜರ್ಕ್ ಹೊಡೆಯುತ್ತಿತ್ತೆಂದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನಲ್ಲಿ 120ರ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ರಂಧ್ರವಿರುವ ಸಣ್ಣ ಬಿಡಿಭಾಗ) ತೆಗೆದು 125 ಹಾಕಿದಿರಿ, ಗಾಳಿ-ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನೂ ಒಂದು ಸುತ್ತು ಬಿಚ್ಚಿದಿರಿ. ಈಗ ಸೆಕೆ ಶುರುವಾಗಿ ಸ್ಪಾರ್ಕ್ ಪ್ಲಗ್‌ಗಳು ಮಸಿ ಹಿಡಿಯುತ್ತಿವೆ, ಬೇಸಿಗೆಗೆ 115 ಹಾಕಲೇ ಎಂದು ನಮ್ಮ ಕಾರು ಗುಂಪಿನ ಚರ್ಚೆಯಲ್ಲಿ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಋತುವಿಗೊಂದು ಜೆಟ್ ಇಟ್ಟುಕೊಳ್ಳುವ ಈ ಚಟ ಒಂದು ಕಾಲಕ್ಕೆ ನನಗೂ ಇತ್ತಾದ್ದರಿಂದ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: 120ನ್ನೇ ಮರಳಿ ಹಾಕಿ, ಮತ್ತೆ ಅದನ್ನು ಮುಟ್ಟಬೇಡಿ.

ವೆಬರ್ ಕಾರ್ಬ್ಯುರೇಟರ್ ಮಾದರಿಯ ಜೆಟ್ಟಿನ ಮೇಲಿರುವ ಅಂಕಿ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ. 120ರಿಂದ 125ಕ್ಕೆ ಹೋದರೆ ವ್ಯಾಸ ಶೇ. 4ರಷ್ಟು ಹೆಚ್ಚಿದಂತೆ ಕಂಡರೂ ಪೆಟ್ರೋಲ್ ಹರಿಯುವ ವಿಸ್ತೀರ್ಣ ಶೇ. 8.5ರಷ್ಟು ಹೆಚ್ಚುತ್ತದೆ. ಹವಾಮಾನ ಮಾಡುವ ವ್ಯತ್ಯಾಸವಾದರೂ ಎಷ್ಟು? 10 ಡಿಗ್ರಿಯ ಗಾಳಿ 35 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ. 8ರಷ್ಟು ಇಳಿಯುತ್ತದೆ, ಆದರೆ ವೆಂಚುರಿಯ (ಕಾರ್ಬ್ಯುರೇಟರಿನ ಕಿರಿದಾದ ಗಂಟಲಿನ) ಸೆಳೆತವೂ ಜೊತೆಗೇ ಕುಗ್ಗುವುದರಿಂದ ಮಿಶ್ರಣ ಅದರ ಅರ್ಧದಷ್ಟು, ಅಂದರೆ ಶೇ. 4ರ ಆಸುಪಾಸು ಮಾತ್ರ ರಿಚ್ ಆಗುತ್ತದೆ, ಎಂದರೆ ಪೆಟ್ರೋಲಿನ ಪಾಲು ಅಷ್ಟು ಹೆಚ್ಚುತ್ತದೆ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಸುಮಾರು ಶೇ. 4 ಭಾಗ ಬರೀ ನೀರಿನ ಆವಿ ಇದ್ದು, ಅಷ್ಟು ಆಮ್ಲಜನಕ ಕಡಿಮೆಯಾಗುವುದರಿಂದ ಅದೂ ರಿಚ್ ಕಡೆಗೇ ತಳ್ಳುತ್ತದೆ. ಚಳಿಯಲ್ಲಿ ಲೀನ್ (ಪೆಟ್ರೋಲಿನ ಪಾಲು ಕಡಿಮೆ), ಸೆಕೆಯಲ್ಲಿ ರಿಚ್ ಎಂಬ ನಿಮ್ಮ ಲೆಕ್ಕ ಸರಿಯಾದದ್ದೇ. ಆದರೆ ಋತುವಿನ ಎರಡರಷ್ಟು ಮದ್ದನ್ನು, ಅದೂ ರೋಗವಿಲ್ಲದ ಜಾಗಕ್ಕೆ ಹಾಕಿದ್ದೀರಿ.

ಮೇನ್ ಜೆಟ್ ನಿಜವಾಗಿ ಚಿಕ್ಕದಾಗಿದ್ದರೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಅದು ಸೊರಗಬೇಕಿತ್ತು. ನಿಮ್ಮ ತೊಂದರೆ ಹತ್ತು ನಿಮಿಷಕ್ಕೆ ತಾನಾಗಿ ಮಾಯವಾಗುತ್ತಿತ್ತು. ಅದರರ್ಥ, ಪೆಟ್ರೋಲ್ ಬರುತ್ತಿದೆ, ಆವಿಯಾಗುತ್ತಿಲ್ಲ. ಕಾರ್ಬ್ಯುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯ, ಅಂದರೆ ತಣ್ಣಗಿನ ಮ್ಯಾನಿಫೋಲ್ಡಿನ, ಗೋಡೆಗೆ ಹನಿಯಾಗಿ ಅಂಟಿ ಸಿಲಿಂಡರಿಗೆ ಲೀನ್ ಮಿಶ್ರಣ ಮಾತ್ರ ತಲುಪುತ್ತಿದೆ. ಗಾಳಿಯ ದಾರಿಯನ್ನು ಒಂದು ಫ್ಲಾಪಿನಿಂದ ಮುಚ್ಚಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಇರುವುದೇ ಈ ಕೊರತೆಯನ್ನು ತುಂಬಲು. ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಚೋಕ್ ಎಳೆಸಿ ನೋಡಿ. ಕೇಬಲ್ಲಿನ ಒಳತಂತಿ ಕ್ಲಾಂಪಿನ ಸ್ಕ್ರೂವಿನಲ್ಲಿ ಸ್ವಲ್ಪವೇ ಜಾರಿದ್ದರೂ ಚೋಕ್ ಗುಂಡಿ ಪೂರ್ತಿ ಹೊರಬಂದಂತಿರುತ್ತದೆ, ಆದರೆ ಫ್ಲಾಪಿನ ಅಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಬೆಳಕು ಕಾಣುತ್ತದೆ. ಆಟೋ ಚೋಕ್ ಇದ್ದರೆ ಎಂಜಿನ್ ಬಿಸಿಯಾದ ಮೇಲೆ ಫ್ಲಾಪ್ ಪೂರ್ತಿ ತೆರೆದು ನೆಟ್ಟಗೆ ನಿಂತಿದೆಯೇ ಎಂಬುದನ್ನೂ ನೋಡಬೇಕು. ಅರ್ಧಕ್ಕೆ ನಿಂತಿದ್ದರೆ ಬೇಸಿಗೆಯ ಮಸಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಕಳ್ಳ ಫಿಲ್ಟರ್ ಡಬ್ಬಿಯ ಮೂತಿಯಲ್ಲಿ ಕುಳಿತಿರುತ್ತಾನೆ. ಹಳೆಯ ಎಷ್ಟೋ ಕಾರುಗಳಲ್ಲಿ ಅಲ್ಲೊಂದು ಫ್ಲಾಪ್ ಇದ್ದು, ಚಳಿಗಾಲದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆಯ) ಬಳಿಯ ಬಿಸಿಗಾಳಿಯನ್ನೂ ಬೇಸಿಗೆಯಲ್ಲಿ ಹೊರಗಿನ ತಣ್ಣನೆಯ ಗಾಳಿಯನ್ನೂ ಎಳೆದುಕೊಳ್ಳುವಂತೆ ಮಾಡುತ್ತದೆ. ಕೆಲವದರಲ್ಲಿ ಕೈಯಿಂದ ತಿರುಗಿಸುವ ಲಿವರ್, ಕೆಲವದರಲ್ಲಿ ಮೇಣದ ಥರ್ಮೋಸ್ಟಾಟ್. ನನ್ನ ಬಳಿ ಬಂದ ಒಂದು ಕಾರಿಗೆ ಬೇಸಿಗೆ ಮಧ್ಯಾಹ್ನ ಪಿಕಪ್ ಇರಲಿಲ್ಲ, ಏರಿನಲ್ಲಿ ಟಕಟಕ ನಾಕ್ ಮಾಡುತ್ತಿತ್ತು. ಅದಕ್ಕಾಗಲೇ ಹೊಸ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲವನ್ನೂ ಹಾಕಿಸಿಯಾಗಿತ್ತು. ಬಾನೆಟ್ ಎತ್ತಿ ಫಿಲ್ಟರಿನ ಮೂತಿಯ ಮೇಲೆ ಕೈ ಇಟ್ಟರೆ ಇಡಲಾಗದಷ್ಟು ಬಿಸಿ: ಫ್ಲಾಪಿನ ಕೀಲು ತುಕ್ಕು ಹಿಡಿದು ಚಳಿಗಾಲದ ಸ್ಥಾನದಲ್ಲೇ ನಿಂತುಬಿಟ್ಟಿತ್ತು. ಹೊರಗೆ 35 ಡಿಗ್ರಿ ಇದ್ದಾಗ ಎಂಜಿನ್ 70 ಡಿಗ್ರಿಯ ಗಾಳಿ ಕುಡಿದರೆ ಸಾಂದ್ರತೆ ಮತ್ತೆ ಶೇ. 10ರಷ್ಟು ಇಳಿಯುತ್ತದೆ, ಅಂದರೆ ಋತು ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಒಂದು ತುಕ್ಕು ಹಿಡಿದ ಪಿನ್ನು ಮಾಡುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿದಾಗ ಅದು ಸಡಿಲವಾಯಿತು, ನಾಕಿಂಗೂ ಹೋಯಿತು.

ಹಾಗೆಂದು ಬಿಸಿಗಾಳಿಯ ಕೊಳವೆಯನ್ನು ಕಿತ್ತೆಸೆಯಬೇಡಿ. ಅದು ಬರೀ ಅಡ್ಡಿ ಎಂದುಕೊಳ್ಳುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ಯುರೇಟರಿನ ಗಂಟಲನ್ನು 20 ಡಿಗ್ರಿಯವರೆಗೂ ತಣ್ಣಗಾಗಿಸಬಲ್ಲದು, ಆದ್ದರಿಂದ ಹೊರಗೆ 10 ಡಿಗ್ರಿ ಮತ್ತು ತೇವ ಇದ್ದರೆ ಥ್ರಾಟಲಿನ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಕವಾಟದ) ಬಳಿ ಮಂಜುಗಡ್ಡೆ ಕಟ್ಟುತ್ತದೆ. ಒಂದೇ ವೇಗದಲ್ಲಿ ಓಡುತ್ತಿದ್ದ ಕಾರು ಮೆಲ್ಲಗೆ ಶಕ್ತಿ ಕಳೆದುಕೊಂಡು, ಐದು ನಿಮಿಷ ನಿಲ್ಲಿಸಿದ ಮೇಲೆ ಏನೂ ಆಗದಂತೆ ಓಡಿದರೆ, ಜೆಟ್ಟಿನಲ್ಲಿ ಕಸ ಹುಡುಕುವ ಮೊದಲು ಈ ಕೊಳವೆಯನ್ನು ನೋಡಿ.

ಸ್ಕ್ರೂ ವಿಷಯಕ್ಕೆ ಬಂದರೆ, ಥ್ರಾಟಲ್‌ನಿಂದ ಎಂಜಿನ್ ಕಡೆಗಿರುವ ಸ್ಕ್ರೂವನ್ನು ಬಿಚ್ಚಿದರೆ ರಿಚ್ ಆಗುತ್ತದೆ, ಫಿಲ್ಟರ್ ಕಡೆಗಿರುವುದು ಸಾಮಾನ್ಯವಾಗಿ ಗಾಳಿಯದ್ದಾಗಿದ್ದು ಅದನ್ನು ಬಿಚ್ಚಿದರೆ ಲೀನ್ ಆಗುತ್ತದೆ. ಇದನ್ನು ತಿಳಿಯದೆ ತಿರುಗಿಸುವವರೇ ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸದೆ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಅತಿ ಹೆಚ್ಚಾಗುವ ಬಿಂದುವನ್ನು ಹುಡುಕಿ. ಐಡಲ್‌ನಲ್ಲಿ ನಿಲ್ಲಿಸಿ ತೆಗೆದ ಪ್ಲಗ್‌ನ ಬಣ್ಣ ಮೇನ್ ಜೆಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಲೋಡಿನಲ್ಲಿ ಓಡಿಸಿ, ಇಗ್ನಿಷನ್ ಆಫ್ ಮಾಡಿ ಕ್ಲಚ್ ಒತ್ತಿ ನಿಲ್ಲಿಸಿ ಆಮೇಲೆ ತೆಗೆಯಿರಿ, ಅದೂ ಹಿಂದೆ ವಾಹನಗಳಿಲ್ಲದ ಸಮತಟ್ಟು ರಸ್ತೆಯಲ್ಲಿ ಮಾತ್ರ. ಮಸಿಗೆ ಹೆದರಿ ಹೆಚ್ಚು ಬಿಸಿಯಾಗುವ ಪ್ಲಗ್ ಕೊಳ್ಳುವುದಾದರೆ ಎನ್‌ಜಿಕೆ ಕಂಪನಿಯದರಲ್ಲಿ ಅಂಕಿ ಇಳಿದಂತೆ ಪ್ಲಗ್ ಬಿಸಿ, ಬಾಷ್‌ನಲ್ಲಿ ಅಂಕಿ ಏರಿದಂತೆ ಬಿಸಿ ಎಂಬುದು ನೆನಪಿರಲಿ; ಆದರೆ ಕೊಳ್ಳದಿರುವುದೇ ಒಳ್ಳೆಯದು.

ಪೆಟ್ರೋಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ, ಶೇ. 10 ಎಥನಾಲ್ ಬೆರೆಸಿದ್ದಕ್ಕೆ ಸುಮಾರು 14.1 ಸಾಕು, ಅದೇ ಜೆಟ್ಟಿನಲ್ಲಿ ಅದು ಲೀನ್ ಆಗಿ ಓಡುತ್ತದೆ, ಆ ವ್ಯತ್ಯಾಸವೇ ಒಂದು ಋತುವಿನಷ್ಟಿದೆ. ಜೆಟ್ ಬದಲಿಸಲು ನಾನು ಒಪ್ಪುವುದು ಇಂಥ ಇಂಧನಕ್ಕೆ ಅಥವಾ ಸಾವಿರ ಮೀಟರಿಗಿಂತ ಎತ್ತರದಲ್ಲಿ ಕಾಯಂ ಇರುವವರಿಗೆ. ಎಸ್‌ಯು ಎಚ್‌ಐಎಫ್ ಎಂಬ ಕಾರ್ಬ್ಯುರೇಟರ್ ಇರುವವರು ಪುಣ್ಯವಂತರು, ಪೆಟ್ರೋಲಿನ ಉಷ್ಣತೆಗೆ ತಕ್ಕಂತೆ ಜೆಟ್ಟನ್ನು ಏರಿಳಿಸುವ, ಬಿಸಿಗೆ ಬಾಗುವ ಬೈಮೆಟಲ್ ಪಟ್ಟಿ ಅದರೊಳಗೇ ಇದೆ.

ಇದೇ ಚರ್ಚೆಯಲ್ಲಿ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಕಾರಿಗೆ ಟೆಂಪರೇಚರ್ ಸೆನ್ಸರ್ ವೈರಿನಲ್ಲಿ ರೆಸಿಸ್ಟರ್ ಸೇರಿಸಿ ಎಂದು ಸಲಹೆ ಕೊಟ್ಟವರಿಗೆ ಒಂದು ಮಾತು: ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿಗೆ ಬಿಸಿಯಾಗುವವರೆಗೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆ ಟೆಂಪರೇಚರ್ ಸೆನ್ಸರನ್ನೇ ನಂಬಿರುತ್ತದೆ, ಅದಕ್ಕೆ ಸುಳ್ಳು ಹೇಳಿ ಯಾರಿಗೂ ಲಾಭವಿಲ್ಲ. ಚಳಿಗಾಲದಲ್ಲಿ ಮೈಲೇಜ್ ಬಿದ್ದರೆ, ಎಂಜಿನ್ ಕೂಲಂಟಿನ ದಾರಿಯಲ್ಲಿ ತೆರೆದೇ ನಿಂತ ಥರ್ಮೋಸ್ಟಾಟನ್ನು ಮೊದಲು ಅನುಮಾನಿಸಿ.

ನಿಮ್ಮ ಕಾರಿಗೆ ಇನ್ನೊಂದು ಕೆಲಸ ಉಳಿದಿದೆ. ಇಡೀ ಚಳಿಗಾಲ ರಿಚ್ ಆಗಿ ಓಡಿದ ಎಂಜಿನ್ನಿನ ಆಯಿಲ್ಲಿಗೆ ಪೆಟ್ರೋಲ್ ಇಳಿದಿರುವ ಸಂಭವವಿದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಮಟ್ಟ ಏರಿದ್ದರೆ, 120 ಹಾಕಿದ ದಿನವೇ ಆಯಿಲ್ಲನ್ನೂ ಫಿಲ್ಟರನ್ನೂ ಬದಲಿಸಿ.